ಬಿಳಿಕೊಕ್ಕರೆಯ ಬೀಸಣಿಗೆ ಮೇಲೆದ್ದಾಗ

ಎಣ್ಣೆಗೆ ಬೆಳ್ಳುಳ್ಳಿ ಬಿದ್ದ ಹಾಗೆ ಮೊದಲು ಚುರ್ ಅಂದು ಆಮೇಲೆ ಒಂದೇ ಸಮ ಸುರ್ ಎನ್ನುವ ಸದ್ದು, ಅರವತ್ತು ವರ್ಷದ ಹಳೇ ಟೇಪು ಕಿವಿಯೊಳಗೆ ಹುರಿಯುತ್ತಿದೆ, ಹೆಡ್‌ಫೋನಿನ ಬಿಗಿಗೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತುತ್ತಿದೆ, ಕನ್ನಡಕ ತೆಗೆದರೆ ಎದುರಿಗಿರುವ ಹಾಳೆ ಕಾಣುವುದಿಲ್ಲ, ಇಟ್ಟುಕೊಂಡರೆ ನೋವು – ಎಪ್ಪತ್ತರ ಲೆನ್‌ಹ್ವೆಗೆ ಈಗೀಗ ಯಾವ ಕೆಲಸಕ್ಕೆ ಕೂತರೂ ಇಂಥದ್ದೇ ಒಂದು ಪಂಚಾಯ್ತಿ. ಕೆಳಗೆ ಸ್ಕೂಟರ್ ರಿಪೇರಿ ಅಂಗಡಿಯಲ್ಲಿ ಯಾರೋ ಇಂಜಿನ್ನು ರೊಯ್ಯೆನ್ನಿಸುತ್ತಿದ್ದಾರೆ, ನೆಲ ನಡುಗುತ್ತದೆ, ಮೇಜಿನ ಮೇಲಿನ ಚಹಾ ಲೋಟದಲ್ಲಿ ಸಣ್ಣ ಸಣ್ಣ ಉಂಗುರ. ಟೇಪು ತೊಳೆದು ಶುದ್ಧ ಮಾಡುವ ಛ್ವಾ ಒಂದು ಕಡೆಯ ಹೆಡ್‌ಫೋನನ್ನು ಅವಳ ಕಿವಿಯಿಂದ ಎತ್ತಿ, ಅಕ್ಕ, ಇದೇ ಜಾಗ ನೋಡಿ, ಇಲ್ಲಿ ಒಂಬತ್ತು ಸೆಕೆಂಡು ಏನೂ ಇಲ್ಲ, ಕೋಳಿಗೂಡಿನ ಬಿಸಿಗೆ ಹೋಗಿರ್ಬೇಕು, ನಡುವೆ ಒಂದು ಕಡೆ ಕುರ್ಚಿ ಕಿರುಗುಟ್ಟಿದ ಹಾಗೆ ಏನೋ ಇದೆ ಅಷ್ಟೇ, ಕತ್ತರಿಸಿ ಎರಡೂ ತುದಿ ಸೇರಿಸಿಬಿಡ್ಲಾ, ಕೇಳೋರಿಗೆ ಗೊತ್ತೂ ಆಗಲ್ಲ ಅಂದ. ಸ್ವಲ್ಪ ತಾಳು ಅಂದಳು ಲೆನ್‌ಹ್ವೆ. ಕೋಳಿಗೂಡು – ಹೌದು, ಕ್ವಾನ್‌ಬ್ಯೋ ಕಡೆಯ ಒಬ್ಬ ರೈತನ ಕೋಳಿಗೂಡಿನ ಅಟ್ಟದಲ್ಲಿ ಸಿಕ್ಕಿದ ಸುರುಳಿ ಇದು. ಉಳಿದ ಸುರುಳಿಗಳ ಟೇಪನ್ನೆಲ್ಲ ಆ ರೈತನ ಅಪ್ಪ ಗದ್ದೆಯ ಮೇಲೆ ಉದ್ದಕ್ಕೆ ಕಟ್ಟಿದ್ದನಂತೆ, ಬಿಸಿಲಿಗೆ ಮಿಂಚುತ್ತಿತ್ತು, ಗಾಳಿಗೆ ಗುಂಯ್ ಅನ್ನುತ್ತಿತ್ತು, ಗುಬ್ಬಿಗಳು ಹತ್ತಿರ ಬರುತ್ತಿರಲಿಲ್ಲ. ಮೂರು ವರ್ಷದ ಹಾಸ್ಯವೆಲ್ಲ ಹಾಗೆ ಗುಬ್ಬಿ ಓಡಿಸುತ್ತ ಓಡಿಸುತ್ತ ಹರಿದುಹೋಯಿತು, ಉಳಿದದ್ದು ಇದೊಂದು, ಇಪ್ಪತ್ತೆರಡು ನಿಮಿಷ, ಅದರಲ್ಲಿ ಒಂಬತ್ತು ಸೆಕೆಂಡು ಏನೂ ಇಲ್ಲ.

ಏನೂ ಇಲ್ಲವೆಂದು ಇವನು ಹೇಳುತ್ತಾನೆ. ಇವನಿಗೆ ಐವತ್ತೆರಡು, ಆ ರೇಡಿಯೋ ಕಾರ್ಯಕ್ರಮ ನಿಂತು ಎಷ್ಟೋ ವರ್ಷಕ್ಕೆ ಹುಟ್ಟಿದವನು, ಇವನಿಗೇನು ಗೊತ್ತು ಅನ್ನೋಣವೆಂದರೆ ಗೊತ್ತಿದ್ದವರು ಹೇಳಿದ್ದಾದರೂ ಏನು – ‘ಒಂದೇ ಕುರ್ಚಿಯ ಕ್ಷೌರದಂಗಡಿ’ ಎಂದರೆ ತೈನಾನಿನಲ್ಲಿ ವಯಸ್ಸಾದವರೆಲ್ಲ ಮುಖ ಅರಳಿಸುತ್ತಾರೆ, ಆಮೇಲೆ ಬಾಯಿಬಿಟ್ಟರೆ ಒಬ್ಬೊಬ್ಬರದು ಒಂದೊಂದು ದಾರಿ. ಆ ನಾಪಿತ ಕುಂಟ ಅಂತ ಒಬ್ಬ, ಕುಂಟ ಅಲ್ಲ ಕಣ್ರೀ ಒಕ್ಕಣ್ಣ, ನಾನೇ ನೋಡಿದ್ದೀನಿ ಅಂತ ಇನ್ನೊಬ್ಬ, ರೇಡಿಯೋದಲ್ಲಿ ಕಣ್ಣು ಹೇಗೆ ನೋಡಿದಿರಿ ತಾತ ಅಂದರೆ ಅವನು ಮುನಿಸಿಕೊಂಡು ಬಾಗಿಲು ಹಾಕಿದ. ಪತ್ರಿಕೆಯಲ್ಲಿ ಬಂದದ್ದು ಮೂರು ಸಾಲು, ಅದರಲ್ಲೂ ವರ್ಷ ತಪ್ಪು. ಔಷಧಿಯ ಚೀಟಿಯೊಂದಿದೆ, ಬಿಳಿಕೊಕ್ಕರೆ ಹೊಟ್ಟೆಪುಡಿಯ ಪೊಟ್ಟಣದ ಜೊತೆ ಕೊಡುತ್ತಿದ್ದದ್ದು, ಕಾರ್ಯಕ್ರಮದ ಖರ್ಚೆಲ್ಲ ಆ ಪುಡಿಯವರದೇ, ಅದರಲ್ಲಿ ನಾಪಿತನ ಹೆಂಡತಿ ಎಂದು ಅಚ್ಚಾಗಿರುವ ಚೆಲುವೆ ಒಂದು ದಿನವೂ ಮೈಕಿನ ಮುಂದೆ ನಿಂತವಳಲ್ಲ, ನಿಜವಾಗಿ ಆ ದನಿ ಕೊಟ್ಟವಳು ಮೂಗಿನ ಮೇಲೆ ಗುಳ್ಳೆಯಿದ್ದ ಮೀನುಂಡೆ ಮಾರುವವಳು. ಇನ್ನು ಬರೆದಿಟ್ಟ ನಾಟಕಗಳು – ಕಾರ್ಯಕ್ರಮಗಳಿಗೆ ಪರವಾನಗಿ ಕೊಡುತ್ತಿದ್ದ ಕಚೇರಿಯ ಕಪಾಟಿನಲ್ಲಿ ನಲವತ್ತು ಕಟ್ಟು ಸಿಕ್ಕಾಗ ಹಳೇ ರೇಡಿಯೋ ಹಾಸ್ಯದ ಪುಸ್ತಕ ತರುತ್ತಿರುವ ಸಂಘದವರೆಲ್ಲ ಕುಣಿದಾಡಿದರು, ಲೆನ್‌ಹ್ವೆಯೊಬ್ಬಳು ಕುಣಿಯಲಿಲ್ಲ, ಯಾಕೆಂದರೆ ಅವು ಕಚೇರಿಗೆ ತೋರಿಸಲೆಂದೇ ಒಬ್ಬ ಮೇಷ್ಟರಿಂದ ಸರ್ಕಾರಿ ಭಾಷೆಯಲ್ಲಿ ಬರೆಸಿದ್ದವು, ಅದರಲ್ಲಿ ನಾಪಿತ ಗಿರಾಕಿಗಳಿಗೆ ನೈರ್ಮಲ್ಯದ ಬುದ್ಧಿ ಹೇಳುತ್ತಾನೆ, ಮಧ್ಯಾಹ್ನ ಮೈಕಿನ ಮುಂದೆ ಮನೆಮಾತಿನಲ್ಲಿ ನಡೆದದ್ದೇ ಬೇರೆ. ಗೋಡೆಗೆ ಅಂಟಿಸಿದ ಅಂಗೈಯಗಲದ ಚೀಟಿ, ಅದರಲ್ಲಿ ನಾಲ್ಕು ಮಾತು – ಗಿರಾಕಿ ಬರ್ತಾನೆ, ಕಿವಿ ಕತ್ತರಿಸುತ್ತೆ, ಹೆಂಡತಿ ಬೈತಾಳೆ, ಪುಡಿ – ಅಷ್ಟೇ, ಮಿಕ್ಕಿದ್ದೆಲ್ಲ ಬಾಯಿಗೆ ಬಂದದ್ದು. ಅದಕ್ಕೇ ಇವಳು ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದಳು, ಎರಡು ಕಡೆಯಿಂದ ಸಿಕ್ಕಿದ್ದನ್ನು ಮಾತ್ರ ಬರೆಯೋಣ, ಒಬ್ಬರೇ ಹೇಳಿದ್ದಾದರೆ, ಹೇಳಿದವರು ದೇವರೇ ಆಗಲಿ, ಹೊಡೆದುಹಾಕೋಣ. ಅಕ್ಕ, ನೀವು ಸತ್ತು ಮೇಲಕ್ಕೆ ಹೋದ್ರೂ ಬಾಗಿಲಲ್ಲೇ ನಿಂತು, ಇದು ಸ್ವರ್ಗ ಅನ್ನೋಕೆ ಇನ್ನೊಂದು ಸಾಕ್ಷಿ ತೋರ್ಸಿ ಅಂತೀರಿ ಎಂದು ಛ್ವಾ ಅಣಕಿಸುತ್ತಾನೆ. ಅನ್ನಲಿ. ಅಕ್ಷರವನ್ನು ನಲವತ್ತು ದಾಟಿದ ಮೇಲೆ ಕಲಿತವಳು ಅವಳು, ಬರೆದದ್ದು ಕಲ್ಲಿನ ಹಾಗೆ ಕೂರುತ್ತದೆ ಎಂದು ಅವಳಿಗೆ ಇವರೆಲ್ಲರಿಗಿಂತ ಚೆನ್ನಾಗಿ ಗೊತ್ತು. ಹೊಡೆದುಹಾಕಿದ ಮೊದಲ ಸಾಲು ಯಾವುದೆಂದು ಮಾತ್ರ ಯಾರಿಗೂ ಹೇಳಿಲ್ಲ. ನಗು: ಬೊಂಗ್‌ಛಿ. ಅದು ಅವಳ ಅಮ್ಮ.

ಬೊಂಗ್‌ಛಿ, ಹೇಗೂ ಹುಟ್ಟಿದೆ, ಸಾಕಿಕೊಂಡರಾಯಿತು ಎಂದು ಹೆಣ್ಣುಕೂಸಿಗೆ ಇಡುತ್ತಿದ್ದ ಹೆಸರು, ಆ ಹೆಸರಿನವಳು ಪುಡಿ ಪೊಟ್ಟಣ ಕಟ್ಟುವ ಕೋಣೆಯಲ್ಲಿ ಕೂತು ಬೆಳಗ್ಗಿನಿಂದ ಕಾಗದ ಮಡಿಸುತ್ತಿದ್ದಳು, ಮಧ್ಯಾಹ್ನ ಹನ್ನೆರಡೂವರೆಗೆ ಕೈ ಒರೆಸಿಕೊಂಡು ಪಕ್ಕದ ಕೋಣೆಗೆ ಹೋಗಿ ನಗುತ್ತಿದ್ದಳು. ಅದೇ ಅವಳ ಇನ್ನೊಂದು ಕೆಲಸ. ರೇಡಿಯೋದಲ್ಲಿ ಜನ ನಗುವುದು ಕೇಳಿದರೆ ಮನೆಯಲ್ಲಿದ್ದವರೂ ನಗುತ್ತಾರೆ, ನಕ್ಕವರು ಪುಡಿ ಕೊಳ್ಳುತ್ತಾರೆ ಎಂದು ಮೊದಲು ನಾಲ್ವರು ಹೆಂಗಸರನ್ನು ಕೂರಿಸಿದರು, ಆಮೇಲೆ, ಈ ಬೊಂಗ್‌ಛಿ ಒಬ್ಬಳೇ ನಾಲ್ವರಷ್ಟು ನಗ್ತಾಳೆ, ಉಳಿದವರು ಪೊಟ್ಟಣ ಕಟ್ಟಲಿ ಅಂದರು. ಹೇಗಿತ್ತು ಆ ನಗು – ಕೊಡದಿಂದ ನೀರು ಮೊದಲು ಗಳಗಳ ಬಂದು ಕೊನೆಗೆ ಬುಳುಕ್ ಎಂದು ನಿಲ್ಲುವ ಹಾಗೆ, ಕೊನೆಯ ಆ ಬುಳುಕಿಗೇ ಜನ ಇನ್ನೊಮ್ಮೆ ನಗುತ್ತಿದ್ದರು, ಬೀದಿಯಲ್ಲಿ ಮಕ್ಕಳು ಅದನ್ನೇ ಅಣಕಿಸುತ್ತಿದ್ದರು, ಹಾಗೆಂದು ಯಾರಾದರೂ ಹೇಳಲಿ ಎಂದು ಲೆನ್‌ಹ್ವೆ ಮೂರು ವರ್ಷ ಊರೂರು ಸುತ್ತಿದಳು, ಒಬ್ಬರೂ ಹೇಳಲಿಲ್ಲ, ನಗು ಇತ್ತಾ, ಇದ್ದಿರಬಹುದು, ಎಲ್ಲ ಹಾಸ್ಯದಲ್ಲೂ ಇರುತ್ತಲ್ಲ ಎಂದರು. ಶೇಂಗಾ ಚಿಕ್ಕಪ್ಪನನ್ನು ಮಾತ್ರ ಎಲ್ಲರೂ ಬಲ್ಲರು. ಗೋ ಬುನ್‌ಸೆಂಗ್ ಎಂಬ ಅವನ ನಿಜವಾದ ಹೆಸರು ಯಾರಿಗೂ ಬೇಡ, ಸೊಂಟ ಸಣ್ಣಗೆ, ತಲೆ ಕಾಲು ದಪ್ಪಗೆ ಇದ್ದವನಾದ್ದರಿಂದ ಶೇಂಗಾ, ಅವನೇ ನಾಪಿತ, ಗಿರಾಕಿಯೂ ಅವನೇ, ನಾಪಿತನ ಅತ್ತೆಯೂ ಅವನೇ. ನಗಿಸುವ ಮಾತು ಮುಗಿಯಿತೆಂದರೆ ಅವನ ಕೈಯಲ್ಲಿದ್ದ ಕಾಗದದ ಬೀಸಣಿಗೆ ಮೇಲೇಳುತ್ತಿತ್ತು, ಅದರ ಮೇಲೆ ಪುಡಿಯ ಗುರುತಿನ ಬಿಳಿಕೊಕ್ಕರೆ, ಒಂಟಿಕಾಲಲ್ಲಿ ನಿಂತದ್ದು. ಕೊಕ್ಕರೆ ಮೇಲೆದ್ದರೆ ಅಮ್ಮ ನಗಬೇಕು, ಇಳಿದರೆ ನಿಲ್ಲಿಸಬೇಕು. ಜ್ವರ ಬಂದ ದಿನ ನಕ್ಕಳು, ಹಲ್ಲು ಕೀಳಿಸಿಕೊಂಡ ದಿನ ಬಾಯಿಗೆ ಹತ್ತಿ ತುರುಕಿಕೊಂಡು ನಕ್ಕಳು. ಒಂಬತ್ತು ವರ್ಷದ ಲೆನ್‌ಹ್ವೆ ಮೇಜಿನ ಕೆಳಗೆ ಕೂತು ಅಮ್ಮನ ಪಾದ ನೋಡುತ್ತಿದ್ದಳು, ನಗುವಾಗ ಅಮ್ಮನ ಕಾಲ್ಬೆರಳು ಮುದುರಿಕೊಳ್ಳುತ್ತಿತ್ತು, ಭಾರ ಎತ್ತುವವರ ಹಾಗೆ.

ಅಕ್ಕ, ಚಹಾ ಆರಿತು ಎಂದು ಛ್ವಾ ಅಂದದ್ದು ಎಲ್ಲೋ ದೂರದಲ್ಲಿ. ಆರಲಿ. ಆ ಕಾಲದಲ್ಲಿ ಒಣಗಿಸಿದ ಹುಳಿ ಪ್ಲಮ್ಮು ಎಂದರೆ ಪ್ರಾಣ, ನಾಲಿಗೆಯಲ್ಲಿಟ್ಟರೆ ಮೊದಲು ಉಪ್ಪು, ಆಮೇಲೆ ಹುಳಿ, ತುಂಬ ಹೊತ್ತಾದ ಮೇಲೆ ಸಿಹಿ, ಶೇಂಗಾ ಚಿಕ್ಕಪ್ಪನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಏನವ್ವಾ ಗುಬ್ಬಚ್ಚಿ, ನಿನ್ನೆ ನಿಮ್ಮನೇಲಿ ನಗೋ ಅಂಥದ್ದು ಏನಾಯ್ತು, ಹೇಳಿದ್ರೆ ಒಂದು, ಚೆನ್ನಾಗಿದ್ರೆ ಎರಡು. ಅವನು ಎಲ್ಲರನ್ನೂ ಹಾಗೆ ಕೇಳುತ್ತಿದ್ದ, ಪೊಟ್ಟಣದ ಕೋಣೆಯ ಹೆಂಗಸರನ್ನು, ಮೂಟೆ ಇಳಿಸುವವರನ್ನು, ದಿನಾ ಮಧ್ಯಾಹ್ನ ಇಪ್ಪತ್ತೆರಡು ನಿಮಿಷ ತುಂಬಬೇಕಲ್ಲ, ಅವರಿವರ ಮನೆಯ ಜಗಳ ಜಿಪುಣತನ ಎಲ್ಲ ಅವನ ಕ್ಷೌರದಂಗಡಿಗೆ ಬರುತ್ತಿತ್ತು. ಲೆನ್‌ಹ್ವೆ ಹೇಳಿದಳು. ಅಪ್ಪ ಮೀನು ಹಡಗಿಗೆ ಹೋಗಿ ಎರಡು ವರ್ಷವಾದರೂ ಅಮ್ಮ ದಿನಾ ಸಂಜೆ ಅವನ ಬಟ್ಟಲಿಗೆ ಅನ್ನ ಹಾಕುವುದು, ಊಟದ ಕಡ್ಡಿಗಳನ್ನು ಬಟ್ಟಲ ಮೇಲೆ ಅಡ್ಡಕ್ಕೆ ಮಲಗಿಸುವುದು, ಕೊನೆಗೆ ಆ ಅನ್ನವನ್ನೂ ಇವಳೇ ತಿನ್ನುವುದು, ನಿನ್ನೆ ಇವಳು ಬಟ್ಟಲು ಎಳೆದುಕೊಳ್ಳುವ ಆತುರದಲ್ಲಿ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದ್ದು, ಅಮ್ಮ ಫಟ್ಟನೆ ಕೈಮೇಲೆ ಹೊಡೆದು, ಅದು ಸತ್ತವರಿಗೆ ಕಣೇ, ಹಾಗೆ ನಿಲ್ಲಿಸೋದು ಸತ್ತವರಿಗೆ, ನಿಮ್ಮಪ್ಪ ಬದುಕಿದ್ದಾನೆ ಎಂದು ಕಡ್ಡಿ ಕಿತ್ತು, ತೊಳೆದು, ಮತ್ತೆ ಮಲಗಿಸಿ, ಅರ್ಧ ಗಂಟೆ ಬಟ್ಟಲಿಗೆ ಕೈ ಮುಗಿದುಕೊಂಡು ಕೂತದ್ದು. ಬಟ್ಟಲಿಗೆ ಕೈ ಮುಗಿದಳು ಚಿಕ್ಕಪ್ಪ, ಬಟ್ಟಲಿಗೆ. ಶೇಂಗಾ ಚಿಕ್ಕಪ್ಪ ನಗಲಿಲ್ಲ, ತಲೆ ತುರಿಸಿಕೊಂಡ, ಎರಡು ಪ್ಲಮ್ಮು ಕೊಟ್ಟ. ಮೂರನೇ ದಿನ ಗೋಡೆಯ ಚೀಟಿಯಲ್ಲಿ ಎರಡೇ ಮಾತು ಇತ್ತು, ಇವಳಿಗೆ ಆಗ ಓದಲು ಬರುತ್ತಿರಲಿಲ್ಲ, ಬಂದಿದ್ದರೆ, ಏನಾಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಈಗ ಟೇಪಿನಲ್ಲಿ ಅವನೇ ಮಾತಾಡುತ್ತಿದ್ದಾನೆ, ಕತ್ತರಿ ಕಿಚಕಿಚ ಅನ್ನಿಸುತ್ತ, ನಮ್ಮ ಪಕ್ಕದ ಮನೆಯವಳು ಇದ್ದಾಳಲ್ಲ ಸ್ವಾಮಿ, ಗಂಡ ಹಡಗು ಹತ್ತಿ ಎರಡು ವರ್ಷ, ದಿನಾ ಅವನ ಬಟ್ಟಲಿಗೆ ಅನ್ನ, ಮಗಳು ತಿಂದು ತಿಂದು ಹಂದಿಮರಿ ಆಗಿದ್ದಾಳೆ, ನಾಳೆ ಗಂಡ ಬಂದ ಅಂದ್ಕೊಳ್ಳಿ, ಆ ಬಟ್ಟಲೇ ಕೇಳುತ್ತೆ, ಯಾರಯ್ಯಾ ನೀನು ಅಂತ – ಕಿಚ, ಕಿಚ – ನಾನಂದೆ, ತಂಗೀ, ಕಡ್ಡಿ ಅಡ್ಡ ಮಲಗಿಸಿ ಮಲಗಿಸಿ ಕೈ ನೋಯೋದಿಲ್ವಾ, ಒಂದ್ಸಲ ನೆಟ್ಟಗೆ ನಿಲ್ಲಿಸಿಬಿಡು, ಕಡ್ಡಿಗೂ ಸುಖ, ನಿನಗೂ ಸುಖ, ಅವನಿಗೂ ಸುಖ. ಕತ್ತರಿ ನಿಂತಿತು. ಕೊಕ್ಕರೆ ಮೇಲೆದ್ದಿತು. ಒಂಬತ್ತು ಸೆಕೆಂಡು.

ಫೋನು ಮೇಜಿನ ಮೇಲೆ ಗುರುಗುಟ್ಟಿ ಜಾರಿಕೊಂಡು ಹೋಗುತ್ತದೆ, ಸಂಘದ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರು ಕ್ವೇ, ಲೆನ್‌ಹ್ವೆಯಮ್ಮಾ, ಆಯ್ತೇನಮ್ಮ, ಮೂರು ಗಂಟೆಗೆ ಪ್ರೆಸ್ಸಿನವರು ಅಚ್ಚಿಗೆ ಕೂತ್ಕೋತಾರೆ, ನಿಮ್ಮ ಈ ಒಂದು ಹಾಳೆಗೆ ಇಡೀ ಪುಸ್ತಕ ಕಾಯ್ತಾ ಇದೆ, ಜೊತೆಗೆ ಕೊಡೋ ಧ್ವನಿಮುದ್ರಣಕ್ಕೂ ಅಷ್ಟೇ, ಆ ತೂತು ಗೀತು ಏನಿದ್ರೂ ಮುಚ್ಚಿ ಕೊಡಕ್ಕೆ ಹೇಳಿ, ಜನ ದುಡ್ಡು ಕೊಟ್ಟು ಮೌನ ಕೇಳ್ತಾರಾ. ಹೂಂ ಮೇಷ್ಟ್ರೇ, ಇನ್ನೂ ಪೂರ್ತಿ ಕೇಳಿಲ್ಲ, ಕೇಳ್ತಿದ್ದೀನಿ, ಮುಗಿಸ್ತೀನಿ. ಫೋನು ಇಟ್ಟಳು. ಎಷ್ಟು ಸುಸ್ತು, ಬೆನ್ನುಹುರಿಯ ಕೆಳಗೆ ಯಾರೋ ಒದ್ದೆ ಅಕ್ಕಿ ಮೂಟೆ ಕಟ್ಟಿ ಬಿಟ್ಟ ಹಾಗೆ. ಕತ್ತರಿಸು ಅಂದರೆ ಆಯಿತು, ಛ್ವಾ ಎರಡು ಗುಂಡಿ ಒತ್ತುತ್ತಾನೆ, ಮಾತಿಗೆ ಮಾತು ಸೇರಿಕೊಳ್ಳುತ್ತದೆ, ಹಾಳೆಯಲ್ಲಿ ದೋಷ ಎಂಬ ಕಡೆ ಒಂದು ಗೀಟು. ಕತ್ತರಿಸಬೇಡ ಅಂದರೆ ಯಾಕೆ ಎಂದು ಬರೆಯಬೇಕು. ಈ ಮೌನ ಯಾರದು – ಅಮ್ಮನದು, ನಾಲ್ವರಷ್ಟು ನಗುವವಳು ಅಂದು ನಗಲಿಲ್ಲ, ಇಡೀ ಊರಿನಲ್ಲಿ ಅಮ್ಮ ಇದ್ದಳೆನ್ನಲು ಉಳಿದ ಗುರುತು ಅವಳು ನಗದೇ ಹೋದ ಈ ಒಂಬತ್ತು ಸೆಕೆಂಡು. ಮೂರು ವರ್ಷ ಇನ್ನೊಂದು ಸಾಕ್ಷಿ ಎಲ್ಲಿ, ಇನ್ನೊಂದು ಸಾಕ್ಷಿ ಎಲ್ಲಿ ಎಂದು ಹುಡುಕಿದ್ದಾಯಿತು, ಇದೋ ಕಿವಿಯಲ್ಲೇ ಇದೆ, ಒಂದು ಇವಳ ನೆನಪು, ಇನ್ನೊಂದು ಟೇಪು, ಬರೆಯಬಹುದು, ನಗು: ಬೊಂಗ್‌ಛಿ ಎಂದು ಕಲ್ಲಿನ ಹಾಗೆ ಕೂರಿಸಬಹುದು. ಆದರೆ ಹಾಳೆಯಲ್ಲಿ ಇನ್ನೊಂದು ಅಂಕಣ ಇದೆಯಲ್ಲ, ಹಾಸ್ಯದ ಎಳೆ ಎಲ್ಲಿಂದ ಬಂತು, ಬೇರೆ ಯಾರೂ ಕೇಳಿರಲಿಲ್ಲ, ಶೇಂಗಾ ಎಲ್ಲರ ಮನೆಯಿಂದ ಕದ್ದವನು, ಯಾರ ಮನೆಯದು ಯಾವುದು ಅನ್ನೋದು ಇರಲಿ ಎಂದು ಇವಳೇ ಹಟ ಮಾಡಿ ಸೇರಿಸಿದ ಅಂಕಣ. ಬೇರೆಯವರ ಮನೆಗಳನ್ನೆಲ್ಲ ಅಲ್ಲಿ ಬರೆದಿದ್ದಾಳೆ, ಸೋಯಾ ಸಾಸಿನ ಅಂಗಡಿಯವನ ಜಿಪುಣತನ, ಅದರ ಮೂಲ ಅವನ ಸೊಸೆ, ಎರಡು ಸಾಕ್ಷಿ. ಅಮ್ಮನಿಗೆ ಗೊತ್ತಿರಲಿಲ್ಲ. ಅದೊಂದು ಸಮಾಧಾನದ ಮೇಲೆ ಅರವತ್ತು ವರ್ಷ ಹೊರಳಿದ್ದಾಯಿತು, ಮಗಳೇ ಹೇಳಿದ್ದೆಂದು ಅಮ್ಮನಿಗೆ ಗೊತ್ತಿರಲಿಲ್ಲ, ಯಾರು ಹೇಳಿದ್ದು ಅಂತ ಅವಳು ಒಂದು ದಿನವೂ ಕೇಳಲಿಲ್ಲ, ಪೊಟ್ಟಣದ ಕೋಣೆಯ ಯಾವಳೋ ಬಾಯಿಬಡುಕಿ ಇರಬೇಕು ಅಂದುಕೊಂಡಿದ್ದಳು, ಹಾಗೆ ಅಂದುಕೊಂಡೇ ಸತ್ತಳು, ಅಂದುಕೊಂಡಿದ್ದಳು ಅಲ್ಲವೇ. ಮೇಜಿನ ಕೆಳಗೆ ಲೆನ್‌ಹ್ವೆ ಮೊಣಕಾಲು ಕಚ್ಚಿಕೊಂಡು ಕೂತಿದ್ದಳು, ಉಸಿರೂ ಬಿಡಲಿಲ್ಲ, ಅಮ್ಮನ ಕಾಲ್ಬೆರಳು ಮುದುರಲಿಲ್ಲ, ಅದು ಇವಳಿಗೆ ಚೆನ್ನಾಗಿ ನೆನಪಿದೆ. ಆಮೇಲೆ ಟೇಪಿನಲ್ಲಿ ಶೇಂಗಾ, ಗಿರಾಕಿ ಕುರ್ಚಿಯಲ್ಲೇ ನಿದ್ದೆ ಹೋದ ಅಂತ ಕಾಣುತ್ತೆ, ಕಿವಿ ಜೋಪಾನ ಎಂದು ಎತ್ತಿಕೊಂಡು ಹೋಗುತ್ತಾನೆ, ಪುಡಿಯ ಹಾಡು ಬರುತ್ತದೆ, ಮರುದಿನದಿಂದ ಅಮ್ಮ ಬರೇ ಪೊಟ್ಟಣ ಕಟ್ಟುತ್ತಾಳೆ.

ಛ್ವಾ, ಇನ್ನೊಂದ್ಸಲ ಹಾಕು, ಸದ್ದು ಪೂರ್ತಿ ಏರಿಸು. ಕಿವಿ ಹೋಗುತ್ತೆ ಅಕ್ಕ. ಹೋಗೋದಾದ್ರೆ ಯಾವತ್ತೋ ಹೋಗಿದೆ, ಏರಿಸು. ಎಣ್ಣೆ ಬೆಳ್ಳುಳ್ಳಿ ಸುರ್ ಸುರ್, ಏರುತ್ತ ಏರುತ್ತ ಮಳೆಯಾಗಿ, ಮಳೆಯೊಳಗೆ ಆ ಕೋಣೆ, ಗೋಡೆಗೆ ಹೊಡೆದ ಗೋಣಿತಾಟು, ಪುಡಿಯ ಕಹಿ ಘಾಟು, ಯಾರದೋ ಉಸಿರು, ಅದು ಅಮ್ಮನದೇ ಇರಬೇಕು, ಕಿಚ, ಕಿಚ, ಕಡ್ಡಿಗೂ ಸುಖ ನಿನಗೂ ಸುಖ ಅವನಿಗೂ ಸುಖ, ಒಂದು, ಎರಡು, ಮೂರು, ನಾಲ್ಕು, ಐದು, ಆರು – ಕಿಕ್. ಕಿಕಿಕ್. ಕುರ್ಚಿ ಅಂತ ನಾನಂದ್ನಲ್ಲ, ಅದೇ ಎಂದು ಛ್ವಾ ಪರದೆ ತೋರಿಸಿದ. ಕುರ್ಚಿಯಲ್ಲ. ಕುರ್ಚಿ ಹಾಗೆ ಕೊನೆಯಲ್ಲಿ ಬುಳುಕ್ ಅನ್ನುವುದಿಲ್ಲ. ಬಾಯಲ್ಲಿ ಪ್ಲಮ್ಮಿನ ಬೀಜ ಇಟ್ಟುಕೊಂಡು, ತನ್ನ ಮಾತು ರೇಡಿಯೋದಲ್ಲಿ ಬಂತೆಂದು ತಡೆಯಲಾರದೆ, ಮೇಜಿನ ಕೆಳಗಿಂದ ಒಂದು ಮಗು ನಕ್ಕಿದೆ, ಅಮ್ಮನ ನಗುವನ್ನೇ ಚಿಕ್ಕದು ಮಾಡಿದ ಹಾಗೆ. ಮೊಣಕಾಲು ಕಚ್ಚಿಕೊಂಡಿರಲಿಲ್ಲ. ಅರವತ್ತು ವರ್ಷ ಕಚ್ಚಿಕೊಂಡೇ ಇದ್ದ ಮೊಣಕಾಲು ಅಲ್ಲಿ ಇರಲೇ ಇಲ್ಲ. ಒಬ್ಬಳೇ ಹೇಳಿದ್ದಾದರೆ ಹೊಡೆದುಹಾಕಿ. ಮತ್ತೆ ಆ ಸಂಜೆ – ಮಧ್ಯಾಹ್ನದ ಟೇಪನ್ನು ಸಂಜೆ ಇನ್ನೊಮ್ಮೆ ಹಾಕುತ್ತಿದ್ದರು, ಓಣಿಯ ಎಲ್ಲ ಮನೆಯ ರೇಡಿಯೋದಲ್ಲೂ ಕತ್ತರಿ ಕಿಚಕಿಚ, ಅಮ್ಮ ಒಲೆಯ ಮುಂದೆ ಅಪ್ಪನ ಬಟ್ಟಲು ಹಿಡಿದು ನಿಂತಿದ್ದಾಳೆ, ಮಾತು ಬಂತು, ಓಣಿಯೆಲ್ಲ ಒಮ್ಮೆಗೇ ಸ್ತಬ್ಧ, ಯಾರೋ ತಮ್ಮ ರೇಡಿಯೋ ಕೆಟ್ಟಿತೆಂದು ತಟ್ಟಿದರು, ಅಷ್ಟರಲ್ಲಿ ಅಮ್ಮ ತಿರುಗಿ ಇವಳನ್ನು ನೋಡಿದಳು. ಯಾಕೆ ನೋಡಿದಳೆಂದು ಇವಳಿಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಆರನೇ ಸೆಕೆಂಡಿಗೆ ನೋಡಿದಳು. ಬಟ್ಟಲು ತಂದಿಟ್ಟಳು, ಕಡ್ಡಿಗಳನ್ನು ಕೈಯಲ್ಲಿ ಸಮ ಮಾಡಿಕೊಂಡು, ಅನ್ನದ ನಡುವೆ ನೆಟ್ಟಗೆ ಚುಚ್ಚಿ ನಿಲ್ಲಿಸಿದಳು, ಇವಳ ಬಟ್ಟಲಿಗೆ ಮೀನಿನ ಹೊಟ್ಟೆಯ ಭಾಗ, ಎಲ್ಲಕ್ಕಿಂತ ರುಚಿಯಾದದ್ದು, ಹಾಕಿ, ತಿನ್ನು ಮಗಾ ಅಂದಳು. ಆಮೇಲೆ ಅಪ್ಪನ ಬಟ್ಟಲು ಹೊರಗೆ ಬರಲಿಲ್ಲ.

ಅಕ್ಕ, ಕತ್ತರಿಸ್ಲಾ. ಬೇಡ. ಕಿರುಗುಟ್ಟೋದಾದ್ರೂ ಒರೆಸ್ಲಾ. ಬೇಡ, ಅದನ್ನ ಮುಟ್ಟಬೇಡ. ಕ್ವೇ ಮೇಷ್ಟ್ರು ನನ್ನ ತಲೆ ತಿಂತಾರೆ. ನನ್ನ ಹೆಸರು ಹೇಳು, ನನ್ನದು ತಿನ್ನಲಿ, ಹೇಗೂ ಒಣಗಿದೆ. ಪೆನ್ನು ಎಲ್ಲಿ, ಇಲ್ಲೇ ಇತ್ತು, ಕೈಯಲ್ಲೇ ಇದೆ. ದೋಷ: ಇಲ್ಲ. ದನಿ ಕೊಟ್ಟವರು: ಗೋ ಬುನ್‌ಸೆಂಗ್. ನಗು: ಬೊಂಗ್‌ಛಿ, ಈ ದಿನ ನಗಲಿಲ್ಲ. ಅಕ್ಷರ ವಕ್ರವಾಯಿತು, ಪರವಾಗಿಲ್ಲ, ಓದಬಹುದು. ಆರನೇ ಸೆಕೆಂಡಿನ ನಗು: ಲೆನ್‌ಹ್ವೆ, ಒಂಬತ್ತು ವರ್ಷ. ಹಾಸ್ಯದ ಎಳೆ ಎಲ್ಲಿಂದ ಬಂತು: ಅದೇ ಹುಡುಗಿ. ಸಾಕ್ಷಿ: ಟೇಪು. ಎರಡನೇ ಸಾಕ್ಷಿ – ಪೆನ್ನು ಅಲ್ಲಿ ನಿಂತಿತು, ಅಮ್ಮ ಎಂದು ಬರೆಯಬಹುದೇ, ಅಮ್ಮ ಕೇಳಿಸಿಕೊಂಡಳಲ್ಲ, ಕೇಳಿಸಿಕೊಂಡು ಸುಮ್ಮನಿದ್ದಳು, ಮೂವತ್ತು ವರ್ಷ ಸುಮ್ಮನಿದ್ದಳು, ಮೀನಿನ ಹೊಟ್ಟೆಯ ಭಾಗ ನನಗೇ ಹಾಕಿದಳು. ಛ್ವಾ ಕೇಳದೆಯೇ ಟೇಪು ಹಿಂದಕ್ಕೆ ತಿರುಗಿಸಿದ, ಕೆಳಗೆ ಸ್ಕೂಟರ್ ಇಂಜಿನ್ನು ನಿಂತಿದೆ, ಚಹಾದಲ್ಲಿ ಉಂಗುರ ಇಲ್ಲ, ಸುರ್, ಕಿಚ, ಕಿಚ, ಕತ್ತರಿ ನಿಲ್ಲುತ್ತದೆ, ಬೀಸಣಿಗೆ ಮೇಲೇಳುತ್ತದೆ, ಅಮ್ಮನ ಹತ್ತು ಬೆರಳೂ ನೆಲದ ಮೇಲೆ ಚಪ್ಪಟೆ, ಮೇಲೆ ಕೊಕ್ಕರೆ, ಬಿಳಿ ಕೊಕ್ಕರೆ, ಒಂಟಿಕಾಲು, ಅನ್ನದಲ್ಲಿ ನೆಟ್ಟ ಕಡ್ಡಿಯ ಹಾಗೆ ನೆಟ್ಟಗೆ, ಇಳಿಯುತ್ತಿಲ್ಲ, ಬೀಸಣಿಗೆ ಇಳಿಯುತ್ತಿಲ್ಲ, ನಾಲ್ಕು, ಐದು, ಕೊಕ್ಕರೆ